ಪೈಪ್ ಸುತ್ತಲಿನ ತೂತು, ಕೇಬಲ್ ಸುತ್ತಲಿನ ಸಂದಿ: ಮಳೆಗೆ ಮುಂಚೆ ಮುಚ್ಚುವ ಬಗೆ

ನಮ್ಮ ಮನೆ ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ, ಎರಡನೇ ಮಾಳಿಗೆ. ಹಾಲ್‌ನ ಗೋಡೆ ನೇರ ಪಶ್ಚಿಮಕ್ಕೆ. ಏಸಿ ಹಾಕಿಸಿದಾಗ ಬಂದ ಹುಡುಗರು ಗೋಡೆಗೆ ತೂತು ಕೊರೆದು, ಪೈಪ್ ದಾಟಿಸಿ, ಉಳಿದ ಜಾಗಕ್ಕೆ ಪೇಪರ್ ಮುದ್ದೆ ತುರುಕಿ, ಮೇಲೆ ಒಂದಿಷ್ಟು ಬಿಳಿ ಸಿಮೆಂಟ್ ಸವರಿ ಹೋದರು. ನೋಡಲಿಕ್ಕೆ ಚೆನ್ನಾಗಿಯೇ ಇತ್ತು. ಜೂನ್‌ನಲ್ಲಿ ಮಳೆ ಹಿಡಿದ ಮೂರನೇ ದಿನ ಏಸಿಯ ಕೆಳಗೆ ಅಂಗೈಯಗಲದ ಕಂದು ಕಲೆ ಕಾಣಿಸಿತು. ವಾರದೊಳಗೆ ಅದು ಸೋಫಾದವರೆಗೆ ಇಳಿದುಬಂತು. ಸ್ಕ್ರೂಡ್ರೈವರ್‌ನಿಂದ ಮೆಲ್ಲಗೆ ಮೀಟಿದೆ, ಬಿಳಿ ಸಿಮೆಂಟ್ ಹಪ್ಪಳದ ಹಾಗೆ ಒಂದೇ ತುಂಡಾಗಿ ಕೈಗೆ ಬಂತು. ಹಿಂದೆ ತೊಪ್ಪೆಯಾದ ಪೇಪರ್, ಅದರ ಮಡಿಕೆಯಲ್ಲಿ ಜಿರಲೆ ಮೊಟ್ಟೆ, ಅದರಾಚೆ ಬೆಳಕು. ಅಷ್ಟು ದಿನ ನಮ್ಮ ಹಾಲ್‌ಗೂ ಹೊರಗಿನ ಮಳೆಗೂ ನಡುವೆ ಇದ್ದದ್ದು ಒಂದು ಹಳೇ ಮರಾಠಿ ಪೇಪರ್.

ಆಮೇಲೆ ನಾನೂ ಒಂದು ತಪ್ಪು ಮಾಡಿದೆ. ಸಿಟ್ಟಿನಲ್ಲಿ ಮನೆಯ ಎಲ್ಲ ತೂತಿಗೂ ಸಿಮೆಂಟ್ ಮೆತ್ತಿಬಿಟ್ಟೆ. ಗೀಸರ್ ಪೈಪ್ ಸುತ್ತ ಮೆತ್ತಿದ್ದು ಒಂದೇ ತಿಂಗಳಲ್ಲಿ ಉಂಗುರದ ಹಾಗೆ ಬಿರುಕುಬಿಟ್ಟಿತು. ಇಂಟರ್ನೆಟ್ ಕೇಬಲ್ ಕೆಟ್ಟಾಗ ಅದನ್ನು ಎಳೆಯಲಿಕ್ಕೆ ಆಗದೆ ಗೋಡೆಯನ್ನೇ ಒಡೆಯಬೇಕಾಯಿತು. ಆಗ ತಲೆಗೆ ಹೋಯಿತು: ತೂತು ಎಷ್ಟು ದೊಡ್ಡದು ಅನ್ನುವುದಕ್ಕಿಂತ ಅದರೊಳಗೆ ಹೋಗುತ್ತಿರುವುದು ಏನು ಅಂತ ಮೊದಲು ನೋಡಬೇಕು. ಅದು ಬಿಸಿಯಾಗಿ ಹಿಗ್ಗುತ್ತದಾ? ಅಲ್ಲಾಡುತ್ತದಾ? ನಾಳೆ ಅದನ್ನು ಹೊರಗೆ ಎಳೆಯಬೇಕಾಗಬಹುದಾ? ಈ ಮೂರು ಪ್ರಶ್ನೆಗೆ ಉತ್ತರ ಸಿಕ್ಕರೆ ಯಾವ ಸಾಮಾನು ತರಬೇಕು ಅನ್ನುವುದು ತಾನಾಗಿಯೇ ಗೊತ್ತಾಗುತ್ತದೆ. ಈಗ ನಮ್ಮ ಮನೆಯ ಹನ್ನೊಂದು ತೂತು, ಮುಲುಂಡ್‌ನಲ್ಲಿರುವ ಅತ್ತಿಗೆಯ ಮನೆಯ ಏಳು, ಎಲ್ಲವನ್ನೂ ಮುಚ್ಚಿ ಎರಡು ಮಳೆಗಾಲ ಕಳೆದಿದೆ. ಮಾಡಿದ್ದನ್ನು ಮಾಡಿದ ಹಾಗೆ ಬರೆಯುತ್ತೇನೆ.

ಮುಂಬೈ ಕಡೆ ಮಳೆ ಸಾಮಾನ್ಯವಾಗಿ ಹಿಡಿಯುವುದು ಜೂನ್ ಎರಡನೇ ವಾರದ ಹೊತ್ತಿಗೆ. ಸಿಮೆಂಟ್ ಕೆಲಸ ನೀರುಂಡು ಗಟ್ಟಿಯಾಗಬೇಕು, ಆಮೇಲೆ ಒಣಗಬೇಕು, ಅದರ ಮೇಲೆ ಸೀಲಂಟ್, ಅಂದರೆ ಸಂದಿ ಮುಚ್ಚುವ ರಬ್ಬರಿನಂಥ ಅಂಟು, ಕೂರಬೇಕು. ಹಾಗಾಗಿ ಮೇ ಮೊದಲ ವಾರಕ್ಕೇ ಶುರು ಮಾಡಿದರೆ ಒಳ್ಳೆಯದು. ಮಳೆ ಶುರುವಾದ ಮೇಲೆ ಒದ್ದೆ ಗೋಡೆಗೆ ಏನು ಮೆತ್ತಿದರೂ ಅದು ತಾತ್ಕಾಲಿಕ.

ಮೊದಲು ಮನೆಯೊಳಗೆ ಒಂದು ಸುತ್ತು

ಟಾರ್ಚ್, ಸೀಮೆಸುಣ್ಣ, ಒಂದು ಪೆನ್ಸಿಲ್ ಹಿಡಿದುಕೊಳ್ಳಿ. ಸಿಂಕ್ ಕೆಳಗೆ, ವಾಶ್‌ಬೇಸಿನ್ ಕೆಳಗೆ, ವಾಷಿಂಗ್ ಮೆಷಿನ್ ಹಿಂದೆ, ಗೀಸರ್ ಹತ್ತಿರ, ವಾಟರ್ ಫಿಲ್ಟರ್ ಹಿಂದೆ, ಏಸಿ ಪಕ್ಕ, ಟಿವಿ ಹಿಂದೆ, ಮೇನ್ ಸ್ವಿಚ್ ಮೇಲೆ, ಬಾತ್‌ರೂಮ್‌ನ ಫಾಲ್ಸ್ ಸೀಲಿಂಗ್ ಒಳಗೆ, ಎಲ್ಲ ಕಡೆ ನೋಡಿ. ಫಾಲ್ಸ್ ಸೀಲಿಂಗ್ ಮರೆಯಬೇಡಿ. ನಮ್ಮಲ್ಲಿ ಎಲ್ಲಕ್ಕಿಂತ ದೊಡ್ಡ ತೂತು ಸಿಕ್ಕಿದ್ದು ಅಲ್ಲೇ, ಒಂದು ಇಡೀ ಇಟ್ಟಿಗೆಯನ್ನೇ ತೆಗೆದು ಪೈಪ್ ದಾಟಿಸಿ ಹಾಗೇ ಬಿಟ್ಟಿದ್ದರು.

ಪೆನ್ಸಿಲ್ ಯಾಕೆ ಅಂದರೆ, ಪೆನ್ಸಿಲ್ ತೂರುವಷ್ಟು ಸಂದಿ ಇದ್ದರೆ ಸಣ್ಣ ಇಲಿಗೆ ಸಾಕು. ಸುಂಡಿಲಿಗೆ ಸುಮಾರು 6 ಮಿಲಿಮೀಟರ್, ದೊಡ್ಡ ಇಲಿಗೆ ಸುಮಾರು 12 ಮಿಲಿಮೀಟರ್ ಸಂದಿ ಸಾಕಾಗುತ್ತದೆ, ತಲೆ ತೂರಿದರೆ ಮೈ ತೂರಿದ ಹಾಗೆ. ಜಿರಲೆಗೆ 3 ಮಿಲಿಮೀಟರ್ ಸಿಕ್ಕರೂ ಮೈ ಚಪ್ಪಟೆ ಮಾಡಿಕೊಂಡು ಒಳಗೆ ಬರುತ್ತದೆ. ಪೆನ್ಸಿಲ್ ಹೋದ ಕಡೆಯೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿ.

ಕಣ್ಣಿಗೆ ಕಾಣದ ಸಂದಿಗೆ ನಮ್ಮ ಅತ್ತೆ ಒಂದು ಉಪಾಯ ಹೇಳಿಕೊಟ್ಟರು. ಕಿಟಕಿ, ಬಾಗಿಲು ಮುಚ್ಚಿ, ಫ್ಯಾನ್ ನಿಲ್ಲಿಸಿ, ಒಂದು ಊದಿನಕಡ್ಡಿ ಹಚ್ಚಿ ಪೈಪ್ ಸುತ್ತ ನಿಧಾನಕ್ಕೆ ಹಿಡಿಯುವುದು. ಹೊಗೆ ನೇರ ಮೇಲೆ ಹೋಗುತ್ತಿದ್ದದ್ದು ಒಮ್ಮೆಲೇ ಪಕ್ಕಕ್ಕೆ ವಾಲಿದರೆ ಅಲ್ಲಿ ಗಾಳಿ ಆಡುತ್ತಿದೆ ಅಂತ ಅರ್ಥ. ಗ್ಯಾಸ್ ಪೈಪ್, ಸಿಲಿಂಡರ್ ಇರುವ ಕಡೆ ಮಾತ್ರ ಇದನ್ನು ಮಾಡಬೇಡಿ, ಅಲ್ಲಿ ಟಾರ್ಚೇ ಸಾಕು.

ಇಲಿ ಹಿಕ್ಕೆ ಕಂಡರೆ ಒಣ ಪೊರಕೆಯಲ್ಲಿ ಗುಡಿಸಲಿಕ್ಕೆ ಹೋಗಬೇಡಿ. ಬ್ಲೀಚಿಂಗ್ ಪುಡಿ ಕಲಸಿದ ನೀರು ಹಾಕಿ ಹತ್ತು ನಿಮಿಷ ನೆನೆಸಿ, ಕೈಗೆ ಗ್ಲೌಸ್ ಹಾಕಿ ಬಟ್ಟೆಯಿಂದ ಒರೆಸಿ ತೆಗೆಯಿರಿ. ಇಲಿ ಜ್ವರ ಅಂತ ನಾವು ಕರೆಯುವ ಲೆಪ್ಟೊಸ್ಪೈರೋಸಿಸ್ ಬರುವುದು ಇಲಿಯ ಮೂತ್ರದಿಂದ. ಕೈಕಾಲಿನ ಸಣ್ಣ ಗಾಯ ಸಾಕು ಅದಕ್ಕೆ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಬಿತ್ತಲ್ಲ, ಆ ನೀರು ಇಳಿದ ಮೇಲೆ ಮುಂಬೈಯಲ್ಲಿ ಈ ಜ್ವರ ಜೋರಾಗಿ ಹಬ್ಬಿತ್ತು. ಇಲ್ಲಿ ಹಳಬರಿಗೆ ಇನ್ನೂ ನೆನಪಿದೆ. ಮಳೆಗಾಲದಲ್ಲಿ ಗಟಾರಕ್ಕೆ ನೀರು ನುಗ್ಗಿದಾಗ ಇಲಿ, ಹೆಗ್ಗಣ ಮೇಲೆ ಬರಲೇಬೇಕು. ಪೈಪ್ ಹಿಡಿದು ಹತ್ತುವುದು ಇಲಿಗೆ ಕಷ್ಟವೇ ಅಲ್ಲ.

ಇವುಗಳನ್ನು ನೀವಾಗಿ ಮುಟ್ಟಬೇಡಿ

ಮುಚ್ಚುವ ಉತ್ಸಾಹದಲ್ಲಿ ಮುಚ್ಚಬಾರದ್ದನ್ನು ಮುಚ್ಚಿದರೆ ಜೀವಕ್ಕೇ ಅಪಾಯ. ಅದಕ್ಕೇ ಇದನ್ನು ಮೊದಲೇ ಹೇಳುತ್ತಿದ್ದೇನೆ.

ಅಡುಗೆಮನೆಗೆ ಬರುವ ಪೈಪ್ ಗ್ಯಾಸ್‌ನ ಕೊಳವೆ ಸುತ್ತ ಸಿಮೆಂಟ್ ಆಗಲಿ ಎಂ-ಸೀಲ್ (ಎರಡು ಉಂಡೆ ಸೇರಿಸಿ ನಾದಿ ಹಚ್ಚುವ ಅಂಟು) ಆಗಲಿ ಹಾಕಬೇಡಿ. ಆ ಕೊಳವೆಗೆ ತುಕ್ಕು ಹಿಡಿಯಬಾರದು, ಒತ್ತಡ ಬೀಳಬಾರದು, ಸೋರಿದರೆ ಗೊತ್ತಾಗಬೇಕು. ಅಲ್ಲಿ ಸಂದಿ ದೊಡ್ಡದಿದ್ದರೆ ಗ್ಯಾಸ್ ಕಂಪನಿಗೆ ಫೋನ್ ಮಾಡಿ, ಅವರ ಜನ ಬಂದು ಮಾಡಲಿ. ಗ್ಯಾಸ್ ಹಾಕುವಾಗ ಕಿಟಕಿಯಲ್ಲೋ ಗೋಡೆಯಲ್ಲೋ ಗಾಳಿಗೆ ಅಂತ ಬಿಟ್ಟ ಜಾಲರಿ ಇರುತ್ತದಲ್ಲ, ಅದನ್ನೂ ಮುಚ್ಚಬೇಡಿ. ಪೈಪ್ ಗ್ಯಾಸ್ ಗಾಳಿಗಿಂತ ಹಗುರ, ಸೋರಿದರೆ ಮೇಲಕ್ಕೇರಿ ಅಲ್ಲಿಂದ ಹೊರಗೆ ಹೋಗಬೇಕು. ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ಅದು ನೆಲದ ಹತ್ತಿರವೇ ಕೂರುತ್ತದೆ.

ಬಾತ್‌ರೂಮ್‌ನಲ್ಲಿ ಗ್ಯಾಸ್ ಗೀಸರ್ ಇದ್ದರೆ ಅಲ್ಲಿನ ಗಾಳಿಕಿಂಡಿ ಮುಚ್ಚುವ ಮಾತೇ ಬೇಡ. ಚಳಿಗೆ ಅಂತ ಅದಕ್ಕೆ ರಟ್ಟು ಸಿಕ್ಕಿಸುವವರನ್ನು ನೋಡಿದ್ದೇನೆ. ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಒಳಗಿದ್ದವರಿಗೆ ಏನಾಗುತ್ತಿದೆ ಅಂತ ತಿಳಿಯುವ ಮೊದಲೇ ಎಚ್ಚರ ತಪ್ಪುತ್ತದೆ. ಅಲ್ಲಿ ಜಿರಲೆ ಬರುತ್ತಿದ್ದರೆ ಸಣ್ಣ ಕಣ್ಣಿನ ಜಾಲರಿ ಕೂರಿಸಿ, ಸಾಕು.

ಮೀಟರ್‌ನಿಂದ ಮನೆಗೆ ಬರುವ ದಪ್ಪ ಕೇಬಲ್ ಕೂಡ ಹಾಗೇ. ಮನೆಯ ಎಂಸಿಬಿ, ಅಂದರೆ ಮೇನ್ ಬೋರ್ಡಿನ ಸ್ವಿಚ್, ಇಳಿಸಿದರೂ ಅದರಲ್ಲಿ ಕರೆಂಟ್ ಇದ್ದೇ ಇರುತ್ತದೆ. ಎಂಸಿಬಿಗಿಂತ ಹಿಂದಿನದು ಯಾವುದೂ ನಮ್ಮ ಕೆಲಸ ಅಲ್ಲ, ಸೊಸೈಟಿಯ (ಬಿಲ್ಡಿಂಗ್ ನೋಡಿಕೊಳ್ಳುವ ಮನೆಯವರ ಸಂಘದ) ಎಲೆಕ್ಟ್ರಿಷಿಯನ್‌ನನ್ನೇ ಕರೆಯಿರಿ.

ಹಳೇ ಬಿಲ್ಡಿಂಗ್‌ಗಳ ಡಕ್ಟ್‌ನಲ್ಲಿ (ಪೈಪ್ ಇಳಿಸಲಿಕ್ಕೆ ಬಿಟ್ಟ ಕಿರಿದಾದ ಜಾಗ) ಬೂದು ಬಣ್ಣದ ಸಿಮೆಂಟ್ ಪೈಪ್‌ಗಳಿರುತ್ತವೆ. ಅವುಗಳಲ್ಲಿ ಆಸ್ಬೆಸ್ಟಾಸ್ ಇರಬಹುದು, ಅದರ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಡ್ರಿಲ್ ಮಾಡಬೇಡಿ, ಒಡೆಯಬೇಡಿ, ಉಜ್ಜಬೇಡಿ. ಇನ್ನು ತೂತು ದೊಡ್ಡದು ಮಾಡಬೇಕು ಅಂತ ಕಂಬಕ್ಕೋ ತೊಲೆಗೋ ಉಳಿ ಇಡುವುದು ಖಂಡಿತ ಬೇಡ. ಕಬ್ಬಿಣದ ಸರಳು ಕಂಡರೆ ಕೈ ತೆಗೆದು ಸೊಸೈಟಿಗೆ ಹೇಳಿ.

ಯಾವುದಕ್ಕೆ ಏನು

ಹಾರ್ಡ್‌ವೇರ್ ಅಂಗಡಿಯಲ್ಲಿ "ತೂತು ಮುಚ್ಚಬೇಕು" ಅಂದರೆ ಅವರು ಮೊದಲು ಎದುರಿಗಿಡುವುದು ಬಿಳಿ ಸಿಮೆಂಟ್ ಇಲ್ಲವೇ ವಾಲ್ ಪುಟ್ಟಿ. ಪುಟ್ಟಿ ಗೋಡೆಯನ್ನು ನಯ ಮಾಡಲಿಕ್ಕೆ, ಒಂದೆರಡು ಮಿಲಿಮೀಟರ್ ದಪ್ಪಕ್ಕೆ. ಎರಡು ಇಂಚು ಆಳದ ತೂತಿಗೆ ಅದನ್ನು ತುಂಬಿದರೆ ಬಿರುಕುಬಿಟ್ಟು ಉದುರುತ್ತದೆ. ಪಿಒಪಿ, ಅಂದರೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಅಂತೂ ನೀರಿನ ಜಾಗಕ್ಕೆ ಬೇಡವೇ ಬೇಡ. ತೇವ ತಗುಲಿದರೆ ಮೆತ್ತಗಾಗುತ್ತದೆ, ಜೊತೆಗೆ ಕಬ್ಬಿಣದ ಪೈಪ್‌ಗೆ ತುಕ್ಕು ತರಿಸುತ್ತದೆ.

ಆಳ ತುಂಬಲಿಕ್ಕೆ ಸಿಮೆಂಟ್ ಮತ್ತು ಮರಳಿನ ಗಾರೆ. ಇಲಿ ಹಲ್ಲಿಗೆ ಎದುರು ನಿಲ್ಲುವುದು ಅದೇ. ಗಾರೆಗೂ ಪೈಪ್‌ಗೂ ನಡುವಿನ ತೆಳು ಸಂದಿಗೆ ಸೀಲಂಟ್, ಅದು ರಬ್ಬರ್ ಹಾಗೆ ಎಳೆದರೆ ಎಳೆಯುತ್ತದೆ, ಒತ್ತಿದರೆ ಒತ್ತುತ್ತದೆ. ಸಿಲಿಕೋನ್ ಕೊಳ್ಳುವಾಗ ಟ್ಯೂಬ್ ಮೇಲೆ 'ನ್ಯೂಟ್ರಲ್' ಅಂತ ಇದೆಯಾ ನೋಡಿ. ವಿನೆಗರ್ ಹಾಗೆ ಹುಳಿ ವಾಸನೆ ಬರುವ ಸಿಲಿಕೋನ್ ಗಾಜಿಗೆ ಸರಿ, ಆದರೆ ಸಿಮೆಂಟ್‌ಗೆ ಸರಿಯಾಗಿ ಅಂಟುವುದಿಲ್ಲ, ತಾಮ್ರದ ಪೈಪನ್ನೂ ತಿನ್ನುತ್ತದೆ. ಸಿಲಿಕೋನ್ ಮೇಲೆ ಪೇಂಟ್ ಕೂರುವುದಿಲ್ಲ ಅನ್ನುವುದೂ ನೆನಪಿರಲಿ. ಹಾಲ್‌ನಲ್ಲಿ ಒಣ ಗೋಡೆಯಾದರೆ ಅಕ್ರಿಲಿಕ್ ಸೀಲಂಟ್ ತೆಗೆದುಕೊಳ್ಳಿ, ಅದಕ್ಕೆ ಪೇಂಟ್ ಹೊಡೆಯಬಹುದು.

ಎಂ-ಸೀಲ್ ಒಳ್ಳೆಯದೇ, ಆದರೆ ಸಣ್ಣ ಜಾಗಕ್ಕೆ ಮತ್ತು ಅಲ್ಲಾಡದ ಪೈಪ್‌ಗೆ. ನಲ್ಲಿಯ ಕಬ್ಬಿಣದ ಪೈಪ್ ಗೋಡೆಯಿಂದ ಹೊರಬರುವ ಕಡೆ ಬೆರಳಗಲದ ಸಂದಿ ಇದ್ದರೆ ಅದು ಹೇಳಿ ಮಾಡಿಸಿದ್ದು. ಎರಡು ಉಂಡೆಯನ್ನೂ ಸಮಸಮ ತೆಗೆದುಕೊಂಡು, ಚಪಾತಿ ಹಿಟ್ಟಿನ ಹಾಗೆ ನಾದಿ, ಎಲ್ಲೂ ಎರಡು ಬಣ್ಣ ಕಾಣಬಾರದು. ಅರ್ಧ ಗಂಟೆಯೊಳಗೆ ಹಚ್ಚಿ ಮುಗಿಸಿಬಿಡಿ.

ಪಿಯು ಫೋಮ್ ಅಂತ ಡಬ್ಬಿಯಲ್ಲಿ ಬರುತ್ತದೆ, ಒತ್ತಿದರೆ ನೊರೆ ಉಕ್ಕಿ ತೂತು ತುಂಬುತ್ತದೆ. ಸುಲಭ ಅನ್ನುವುದು ನಿಜ. ಆದರೆ ಬಿಸಿಲಿಗೆ ಹಳದಿಯಾಗಿ ಪುಡಿಯಾಗುತ್ತದೆ, ಇಲಿ ಅದನ್ನು ಕಡಿದುಹಾಕುತ್ತದೆ, ಬೆಂಕಿ ಹಿಡಿಯುತ್ತದೆ. ಒಳಗಿನ ಖಾಲಿ ಜಾಗಕ್ಕೆ ಹಾಕಿ ಎರಡೂ ಕಡೆ ಗಾರೆ ಮುಚ್ಚುವುದಾದರೆ ಸರಿ. ಹಾಕುವಾಗ ಒಲೆ ಆರಿಸಿ, ಕಿಟಕಿ ತೆರೆದಿಡಿ, ಗ್ಲೌಸ್ ಹಾಕಿ. ಕೈಗೆ ಅಂಟಿದರೆ ದಿನಗಟ್ಟಲೆ ಹೋಗುವುದಿಲ್ಲ. ತೂತಿನ ಅರ್ಧ ಮಾತ್ರ ತುಂಬಿ, ಉಳಿದದ್ದನ್ನು ಅದೇ ತುಂಬಿಕೊಳ್ಳುತ್ತದೆ. ಕರೆಂಟ್ ಕೇಬಲ್ ಸುತ್ತ ನಾನು ಇದನ್ನು ಹಾಕುವುದಿಲ್ಲ.

ಸಿಂಕ್ ಪೈಪ್: ಒಂದನ್ನು ಪೂರ್ತಿ ನೋಡೋಣ

ಎಲ್ಲ ಮನೆಯಲ್ಲೂ ಇರುವುದು, ಎಲ್ಲಕ್ಕಿಂತ ಜಾಸ್ತಿ ತೊಂದರೆ ಕೊಡುವುದು ಇದೇ. ನಮ್ಮಲ್ಲಿ ಇಲಿ ಬಂದದ್ದೂ ಇಲ್ಲಿಂದಲೇ, ಬಂದು ವಾಷಿಂಗ್ ಮೆಷಿನ್‌ನ ವಯರ್ ಕಡಿದು ತಾಮ್ರ ಕಾಣುವ ಹಾಗೆ ಮಾಡಿತ್ತು. ಒದ್ದೆ ನೆಲ, ಬರಿಗಾಲು, ತೆರೆದ ತಾಮ್ರ. ಅತ್ತೆ ಮುಟ್ಟುವ ಮೊದಲು ಕಣ್ಣಿಗೆ ಬಿದ್ದದ್ದು ನಮ್ಮ ಪುಣ್ಯ.

ಸಿಂಕ್ ಕೆಳಗಿನದ್ದೆಲ್ಲ ಹೊರಗೆ ತೆಗೆಯಿರಿ. ಒಂದು ಬಕೆಟ್ ನೀರು ಸಿಂಕ್‌ಗೆ ಸುರಿದು, ಪೈಪ್‌ನ ಪ್ರತಿ ಜಾಯಿಂಟ್‌ಗೂ ಒಣ ಪೇಪರ್ ಒತ್ತಿ ನೋಡಿ. ಎಲ್ಲಾದರೂ ಒದ್ದೆಯಾದರೆ ಮೊದಲು ಪ್ಲಂಬರ್ ಕೆಲಸ. ಸೋರುವ ಪೈಪ್ ಸುತ್ತ ಗೋಡೆ ಮುಚ್ಚಿದರೆ ನೀರು ಗೋಡೆಯೊಳಗೇ ಇಳಿದು ಕೆಳಗಿನ ಮನೆಯವರ ಸೀಲಿಂಗ್‌ನಲ್ಲಿ ಕಾಣಿಸುತ್ತದೆ, ಆಮೇಲೆ ಸೊಸೈಟಿ ಮೀಟಿಂಗ್‌ನಲ್ಲಿ ಅದೇ ಮಾತು.

ಇನ್ನು ತೂತಿನೊಳಗೆ ಹಳೆಯ ಪುಟ್ಟಿ, ಪೇಪರ್, ಸಡಿಲ ಗಾರೆ ಏನಿದೆಯೋ ಎಲ್ಲವನ್ನೂ ಸಣ್ಣ ಉಳಿಯಿಂದ ತೆಗೆಯಿರಿ. ಕನ್ನಡಕ, ಮಾಸ್ಕ್ ಹಾಕಿಕೊಳ್ಳಿ. ಪೈಪ್‌ಗೆ ಪೆಟ್ಟು ಬೀಳದ ಹಾಗೆ ಉಳಿಯನ್ನು ಯಾವಾಗಲೂ ಪೈಪ್‌ನಿಂದ ಹೊರಮುಖವಾಗಿ ಹಿಡಿಯಿರಿ. ಬೆರಳಲ್ಲಿ ಉಜ್ಜಿದರೆ ಪುಡಿ ಬರಬಾರದು, ಅಲ್ಲಿಯವರೆಗೆ ಕೆರೆಯಬೇಕು. ಹಳೇ ಹಲ್ಲುಜ್ಜುವ ಬ್ರಷ್‌ನಿಂದ ಧೂಳು ತೆಗೆದು, ನೀರು ಚಿಮುಕಿಸಿ. ಇಟ್ಟಿಗೆ ಸೊರ್ರನೆ ಕುಡಿಯುತ್ತದೆ, ಎರಡು ಮೂರು ಸಲ ಹಾಕಿ, ಕುಡಿಯುವುದು ನಿಲ್ಲಬೇಕು. ಒಣ ಇಟ್ಟಿಗೆಗೆ ಗಾರೆ ಹಾಕಿದರೆ ಗಾರೆಯ ನೀರನ್ನೇ ಅದು ಹೀರಿಕೊಂಡು ಗಾರೆ ಗಟ್ಟಿಯಾಗದೆ ಪುಡಿಯಾಗುತ್ತದೆ. ಹೊಸ ಟವರ್‌ಗಳಲ್ಲಿ ಸಿಪೊರೆಕ್ಸ್ ಬ್ಲಾಕ್ ಗೋಡೆ ಇರುತ್ತದೆ, ಬಿಳಿ, ಹಗುರ. ಅದು ಇನ್ನೂ ಜಾಸ್ತಿ ನೀರು ಕುಡಿಯುತ್ತದೆ, ಮತ್ತು ಉಳಿಯಿಂದ ಜೋರಾಗಿ ಹೊಡೆದರೆ ಬೇಕಾದ್ದಕ್ಕಿಂತ ದೊಡ್ಡ ತುಂಡೇ ಕಿತ್ತುಬರುತ್ತದೆ, ಹುಷಾರು.

ಈಗ ಇಲಿಗೆ ತಡೆ. ಪಾತ್ರೆ ಉಜ್ಜುವ ಸ್ಟೇನ್‌ಲೆಸ್ ಸ್ಟೀಲ್ ಸ್ಕ್ರಬ್ಬರ್ ಎರಡೋ ಮೂರೋ ತೆಗೆದುಕೊಂಡು ಬಿಡಿಸಿ, ಪೈಪ್ ಸುತ್ತ ಸುತ್ತಿದ ಹಾಗೆ ತೂತಿನೊಳಗೆ ಸ್ಕ್ರೂಡ್ರೈವರ್‌ನಿಂದ ಒತ್ತಿ. ಸಾದಾ ಕಬ್ಬಿಣದ ನಾರು ಬೇಡ, ನಮ್ಮ ಕಡಲ ಹವೆಗೆ ಬೇಗ ತುಕ್ಕು ಹಿಡಿದು ಗೋಡೆಗೆ ಕೆಂಪು ಕಲೆ ಬಿಡುತ್ತದೆ. ಗೋಡೆಯ ಮೈಯಿಂದ ಒಂದು ಇಂಚು ಒಳಗೆ ನಿಲ್ಲಿಸಿ, ಆ ಒಂದು ಇಂಚು ಗಾರೆಗೆ ಬೇಕು.

ಗಾರೆ ಹಾಕುವ ಮೊದಲು ಒಂದು ಸಣ್ಣ ಕೆಲಸ ಇದೆ, ಇದನ್ನು ಬಿಟ್ಟರೆ ಮಾಡಿದ್ದೆಲ್ಲ ಅರ್ಧ. ಪ್ಲಾಸ್ಟಿಕ್ ಪೈಪ್‌ಗೆ ಸಿಮೆಂಟ್ ಅಂಟುವುದೇ ಇಲ್ಲ. ಒಣಗಿದ ಮೇಲೆ ಸುತ್ತ ಕೂದಲೆಳೆಯ ಬಿರುಕು ಬಂದೇ ಬರುತ್ತದೆ. ಆ ಬಿರುಕು ತಾನಾಗಿ ಬರುವ ಬದಲು ನಾವೇ ಅಲ್ಲಿ ಒಂದು ನೇರ ಕಾಲುವೆ ಬಿಡಬೇಕು. ಗೋಡೆಯ ಮೈಗೆ ಸರಿಯಾಗಿ ಪೈಪ್ ಸುತ್ತ ಕಿರುಬೆರಳ ದಪ್ಪಕ್ಕೆ ಫೋಮ್ ಟೇಪ್ ಅಥವಾ ರಟ್ಟಿನ ಪಟ್ಟಿ ಸುತ್ತಿ, ತುದಿ ಹೊರಗೆ ಬಿಡಿ. ಗಾರೆ ಗಟ್ಟಿಯಾದ ಮೇಲೆ ತುದಿ ಹಿಡಿದು ಎಳೆದುಬಿಟ್ಟರೆ ಅಚ್ಚುಕಟ್ಟಾದ ಕಾಲುವೆ ಉಳಿಯುತ್ತದೆ, ಸೀಲಂಟ್ ಅಲ್ಲಿಗೆ.

ಒಂದು ಪಾಲು ಸಿಮೆಂಟ್, ಮೂರು ಪಾಲು ಜರಡಿ ಹಿಡಿದ ಮರಳು. ಒಣಗಿದ್ದಾಗಲೇ ಚೆನ್ನಾಗಿ ಬೆರೆಸಿ, ಆಮೇಲೆ ಸ್ವಲ್ಪ ಸ್ವಲ್ಪ ನೀರು. ಮುಷ್ಟಿಯಲ್ಲಿ ಹಿಡಿದು ಬಿಟ್ಟರೆ ಉಂಡೆ ನಿಲ್ಲಬೇಕು, ನೀರು ಜಿನುಗಬಾರದು. ಅರ್ಧ ಗಂಟೆಯಲ್ಲಿ ಮುಗಿಯುವಷ್ಟೇ ಕಲಸಿ. ಗಟ್ಟಿಯಾಗತೊಡಗಿದ ಗಾರೆಗೆ ಮತ್ತೆ ನೀರು ಹಾಕಿ ಸಡಿಲ ಮಾಡಬೇಡಿ. ರಬ್ಬರ್ ಗ್ಲೌಸ್ ಹಾಕಿ ಹೆಬ್ಬೆರಳಿನಿಂದ ಒಳಗೆ ಒತ್ತಿ ಒತ್ತಿ ತುಂಬಿ, ಕರಣೆಯಿಂದ ಸವರುವುದು ಕೊನೆಗೆ. ಬರಿಗೈಯಲ್ಲಿ ಮಾಡಿದರೆ ಸಿಮೆಂಟ್ ಚರ್ಮ ಸುಡುತ್ತದೆ, ಆಗ ಗೊತ್ತಾಗುವುದಿಲ್ಲ, ರಾತ್ರಿ ಉರಿಯುತ್ತದೆ. ತೂತು ದೊಡ್ಡದಿದ್ದರೆ ನೆನೆಸಿದ ಇಟ್ಟಿಗೆ ಚೂರು ಸೇರಿಸಿ, ಎರಡು ಸಲಕ್ಕೆ ಹಾಕಿ, ನಡುವೆ ಒಂದು ರಾತ್ರಿ ಬಿಡಿ. ಮೊದಲ ಪದರದ ಮೈಯನ್ನು ಗೀರಿ ಒರಟು ಮಾಡಿಟ್ಟರೆ ಎರಡನೆಯದು ಹಿಡಿಯುತ್ತದೆ.

ಮಾರನೇ ದಿನದಿಂದ ಕನಿಷ್ಠ ಮೂರು ದಿನ ಒದ್ದೆ ಬಟ್ಟೆ ಇಟ್ಟು ನೀರುಣಿಸಿ, ಏಳು ದಿನ ಆದರೆ ಇನ್ನೂ ಒಳ್ಳೆಯದು. ಆಮೇಲೆ ನಾಲ್ಕೈದು ದಿನ ಪೂರ್ತಿ ಒಣಗಲಿ. ಪಟ್ಟಿ ಎಳೆದು ತೆಗೆದು, ಕಾಲುವೆ ಧೂಳು ಒರೆಸಿ, ಎರಡೂ ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ. ಸೀಲಂಟ್ ಟ್ಯೂಬ್‌ನ ಮೂತಿಯನ್ನು ಓರೆಯಾಗಿ ಕತ್ತರಿಸಿ ಒಂದೇ ಸಮ ಒತ್ತುತ್ತಾ ಸುತ್ತು ಬನ್ನಿ. ಸೋಪಿನ ನೀರಲ್ಲಿ ಅದ್ದಿದ ಬೆರಳಿನಿಂದ ಒಂದು ಸಲ ಎಳೆದು ನಯ ಮಾಡಿ, ಟೇಪ್ ಕೂಡಲೇ ತೆಗೆಯಿರಿ. ಇಪ್ಪತ್ನಾಲ್ಕು ಗಂಟೆ ನೀರು ತಾಗದಿರಲಿ. ಕಾಲುವೆ ಆಳವಾಗಿದ್ದರೆ ಹಿಂದೆ ಫೋಮ್ ಹಗ್ಗ ಇಟ್ಟು ಮೇಲಷ್ಟೇ ಸೀಲಂಟ್ ಹಾಕಿ. ದಪ್ಪ ಹಾಕಿದಷ್ಟೂ ಗಟ್ಟಿ ಅಂತೇನಿಲ್ಲ, ಒಳಗೆ ಹಸಿ ಉಳಿಯುತ್ತದೆ ಅಷ್ಟೇ, ದಿನಕ್ಕೆ ಎರಡು ಮೂರು ಮಿಲಿಮೀಟರ್ ಮಾತ್ರ ಅದು ಒಣಗುವುದು.

ಗೀಸರ್ ಪೈಪ್

ಸಿಂಕ್‌ಗೆ ಮಾಡಿದ್ದೇ ಇಲ್ಲೂ, ಆದರೆ ಬಿಸಿನೀರಿನ ಪೈಪ್‌ಗೆ ಜಾಗ ಜಾಸ್ತಿ ಬೇಕು. ಈಗ ಹೆಚ್ಚಿನ ಕಡೆ ಇರುವುದು ಸಿಪಿವಿಸಿ, ಬಿಸಿನೀರು ತಡೆಯುವ ಪ್ಲಾಸ್ಟಿಕ್ ಪೈಪ್, ತಿಳಿ ಹಳದಿ ಬಣ್ಣದ್ದು. ಮೂರು ಮೀಟರ್ ಉದ್ದದ ಪೈಪ್ 40 ಡಿಗ್ರಿ ಬಿಸಿ ಏರಿದರೆ ಏಳೆಂಟು ಮಿಲಿಮೀಟರ್ ಉದ್ದವಾಗುತ್ತದೆ. ದಿನಾ ಬೆಳಿಗ್ಗೆ ಹಿಗ್ಗುತ್ತದೆ, ಮಧ್ಯಾಹ್ನ ಕುಗ್ಗುತ್ತದೆ. ಸಿಮೆಂಟ್ ಅದನ್ನು ಬಿಗಿಯಾಗಿ ಹಿಡಿದರೆ ಒಂದೋ ಸಿಮೆಂಟ್ ಬಿರಿಯಬೇಕು, ಇಲ್ಲವೇ ಪೈಪ್‌ನ ಜಾಯಿಂಟ್ ಸೋಲಬೇಕು. ನಮ್ಮಲ್ಲಿ ಸಿಮೆಂಟ್ ಬಿರಿಯಿತು. ಹಾಗಾಗಿ ಪೈಪ್‌ಗಿಂತ ಸ್ವಲ್ಪ ದೊಡ್ಡ ಪಿವಿಸಿ ಪೈಪ್‌ನ ತುಂಡನ್ನು ಉದ್ದಕ್ಕೆ ಸೀಳಿ ತೋಳಿನ ಹಾಗೆ ಹೊದಿಸಿ, ತೋಳಿನ ಹೊರಗೆ ಗಾರೆ ಹಾಕಿ, ತೋಳಿಗೂ ಪೈಪ್‌ಗೂ ನಡುವೆ ಸೀಲಂಟ್ ಹಾಕಿ. ಪೈಪ್ ತೋಳಿನೊಳಗೆ ತನ್ನಷ್ಟಕ್ಕೆ ಆಡುತ್ತದೆ.

ಏಸಿ ತೂತು

ಗೋಡೆ ಒದ್ದೆಯಾದರೆ ಮಳೆ ನೀರು ಅಂತಲೇ ತಿಳಿಯಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ಏಸಿ ಓಡುವಾಗ ಒದ್ದೆ ಬಂದರೆ ಅದು ತಣ್ಣನೆ ಪೈಪ್ ಬೆವರುವುದು. ಪೈಪ್ ಮೇಲಿನ ಕಪ್ಪು ಫೋಮ್ ಹರಿದಿರುತ್ತದೆ ಅಥವಾ ತೂತಿನಲ್ಲಿ ಒತ್ತಿ ಚಪ್ಪಟೆಯಾಗಿರುತ್ತದೆ. ಮೊದಲು ಅದನ್ನು ಸರಿಮಾಡಿಸಿ. ಏಸಿ ನಿಂತಿದ್ದರೂ ಮಳೆ ಬಂದಾಗ ಮಾತ್ರ ಒದ್ದೆಯಾದರೆ ಆಗ ತೂತು.

ಏಸಿ ತೂತು ಹೊರಗಡೆಗೆ ಸ್ವಲ್ಪ ಇಳಿಜಾರಾಗಿರಬೇಕು, ಒಳಗಿಗಿಂತ ಹೊರಗೆ ಕಿರುಬೆರಳಷ್ಟು ಕೆಳಗೆ. ನಮ್ಮದು ಉಲ್ಟಾ ಇತ್ತು, ನೀರಿಗೆ ನಾವೇ ದಾರಿ ಮಾಡಿಕೊಟ್ಟ ಹಾಗೆ. ತೂತಿಗೆ ಪಿವಿಸಿ ತೋಳು ಕೂರಿಸಿ, ಇಳಿಜಾರು ನೋಡಿ, ತೋಳಿನ ಸುತ್ತ ಗಾರೆ ಹಾಕಿದೆವು. ತೋಳಿನೊಳಗೆ ಏಸಿಯವರು ತರುವ ಗಟ್ಟಿಯಾಗದ ಪುಟ್ಟಿ, ಜೇಡಿಮಣ್ಣಿನ ಹಾಗಿರುತ್ತದೆ, ಎರಡೂ ಬಾಯಿಗೆ ಒತ್ತಿ. ಸರ್ವಿಸ್‌ಗೆ ಬಂದಾಗ ಕೈಯಲ್ಲೇ ಕಿತ್ತು ಮತ್ತೆ ಒತ್ತಬಹುದು. ಪೈಪ್ ಮೇಲಿನ ಫೋಮ್ ಅಮುಕಿಹೋಗುವಷ್ಟು ತುರುಕಬೇಡಿ. ನೀರು ಹೋಗುವ ತೆಳು ಪೈಪ್ ಮಡಚದ ಹಾಗೆ ನೋಡಿಕೊಳ್ಳಿ, ಮುಚ್ಚಿದ ಮೇಲೆ ಒಳಗಿನ ಟ್ರೇಗೆ ಒಂದು ಲೋಟ ನೀರು ಹಾಕಿ ಹೊರಗೆ ಬರುತ್ತದಾ ನೋಡಿ.

ಮಳೆ ಹೊರಗಿನಿಂದ ಬರುವುದು, ಹಾಗಾಗಿ ಹೊರಬಾಯಿ ಮುಚ್ಚದೆ ಒಳಗೆ ಎಷ್ಟು ಚಂದ ಮಾಡಿದರೂ ಗೋಡೆ ಒಳಗೊಳಗೇ ನೀರು ಕುಡಿಯುತ್ತದೆ. ಆದರೆ ಕಿಟಕಿಯಿಂದ ಬಗ್ಗಿ, ಗ್ರಿಲ್ ಮೇಲೆ ಕಾಲಿಟ್ಟು ಈ ಕೆಲಸ ಮಾಡಬೇಡಿ, ದಯವಿಟ್ಟು. ಬಿಲ್ಡಿಂಗ್ ಪೇಂಟ್‌ಗೆ ಸಾರುವೆ ಕಟ್ಟಿದಾಗ, ಇಲ್ಲಿನವರ ಮಾತಿನಲ್ಲಿ ಪರಾಂಚಿ, ಆ ಜನರಿಗೇ ಸಾಮಾನು ಕೊಟ್ಟು ಮಾಡಿಸಿ. ಇಲ್ಲವೇ ನಾಲ್ಕು ಮನೆಯವರು ಸೇರಿ ಹಗ್ಗದಲ್ಲಿ ಇಳಿಯುವವರನ್ನು ಕರೆಸಿ, ಅವರು ಸೇಫ್ಟಿ ಬೆಲ್ಟ್ ಹಾಕಿದ್ದಾರಾ ನೋಡಿ. ಪಶ್ಚಿಮ, ನೈಋತ್ಯದ ಗೋಡೆ ಮೊದಲು, ಮಳೆಗಾಳಿ ಬೀಸುವುದು ಆ ಕಡೆಯಿಂದ.

ಕೇಬಲ್‌ಗಳು

ಕೈ ಹಾಕುವ ಮೊದಲು ಎಂಸಿಬಿ ಇಳಿಸಿ, ಟೆಸ್ಟರ್‌ನಿಂದ ನೋಡಿ, ಟೆಸ್ಟರ್ ಸರಿ ಇದೆಯಾ ಅಂತ ಕರೆಂಟ್ ಇರುವ ಇನ್ನೊಂದು ಪ್ಲಗ್‌ನಲ್ಲಿ ಮೊದಲೇ ಪರೀಕ್ಷೆ ಮಾಡಿ. ಮನೆಯಲ್ಲಿರುವವರಿಗೆಲ್ಲ ಹೇಳಿ, ಯಾರೋ ಬಂದು "ಕರೆಂಟ್ ಯಾಕಿಲ್ಲ?" ಅಂತ ಸ್ವಿಚ್ ಮೇಲೆತ್ತಿಬಿಡುತ್ತಾರೆ. ನಾನು ಎಂಸಿಬಿಗೆ ಟೇಪ್ ಅಂಟಿಸಿ ಮೇಲೆ ಬರೆದಿಡುತ್ತೇನೆ. ವಯರ್‌ನ ಮೈ ಎಲ್ಲಾದರೂ ಒಡೆದಿದ್ದರೆ, ಕಡಿದಿದ್ದರೆ, ಸುಟ್ಟ ಗುರುತಿದ್ದರೆ ಅಲ್ಲಿಗೇ ನಿಲ್ಲಿಸಿ ಎಲೆಕ್ಟ್ರಿಷಿಯನ್ ಕರೆಯಿರಿ. ಕೆಟ್ಟ ವಯರನ್ನು ಗೋಡೆಯೊಳಗೆ ಹೂಳಬಾರದು.

ವಯರನ್ನು ನೇರ ಸಿಮೆಂಟ್‌ನಲ್ಲಿ ಹಾಕಬೇಡಿ. ಮೊದಲು ಕಂಡ್ಯೂಟ್ (ವಯರ್ ಹಾಯಿಸುವ ಕೊಳವೆ) ತುಂಡು, ಕಂಡ್ಯೂಟ್ ಸುತ್ತ ಗಾರೆ, ಕಂಡ್ಯೂಟ್ ಬಾಯಿಗೆ ಗಟ್ಟಿಯಾಗದ ಪುಟ್ಟಿ. ಮುಂದೆ ಕೇಬಲ್ ಬದಲಿಸಬೇಕಾದರೆ ಪುಟ್ಟಿ ಕಿತ್ತು, ಹಳೇ ಕೇಬಲ್ ತುದಿಗೆ ಹೊಸದನ್ನು ಕಟ್ಟಿ ಎಳೆದರೆ ಆಯಿತು. ಸ್ಟೀಲ್ ಸ್ಕ್ರಬ್ಬರ್ ಇಲ್ಲಿ ಬೇಡ, ಅದರ ಎಳೆ ಚೂಪು, ವಯರ್ ಮೈ ಕೊಯ್ದು ಕರೆಂಟ್ ಹರಿದೀತು. ತರ್ಮಾಕೋಲ್ ಕೂಡ ಬೇಡ. ಪಿವಿಸಿ ವಯರ್ ತರ್ಮಾಕೋಲ್‌ಗೆ ತಾಗಿಕೊಂಡೇ ಇದ್ದರೆ ವಯರ್‌ನ ಮೆದುತನ ಕೊಡುವ ಎಣ್ಣೆಯಂಥ ಅಂಶ ತರ್ಮಾಕೋಲ್‌ಗೆ ಹೋಗುತ್ತದೆ. ತರ್ಮಾಕೋಲ್ ಕರಗಿ ಅಂಟಾಗುತ್ತದೆ, ವಯರ್ ಬಿರುಸಾಗಿ ಕ್ರಮೇಣ ಬಿರಿಯುತ್ತದೆ.

ಇಂಟರ್ನೆಟ್‌ನ ಫೈಬರ್ ಕೇಬಲ್ ಒಳಗಿರುವುದು ಗಾಜಿನ ಎಳೆ, ಚೂಪಾಗಿ ಮಡಚಬೇಡಿ, ಕ್ಲಿಪ್ ಹೊಡೆದು ಅಮುಕಬೇಡಿ. ಟಿವಿ ಹಿಂದಿನ ತೂತಿನಲ್ಲಿ ನಮಗೆ ಐದು ಕೇಬಲ್ ಸಿಕ್ಕವು, ಅದರಲ್ಲಿ ಮೂರು ಸತ್ತವು, ಹಳೇ ಕೇಬಲ್ ಟಿವಿಯವರದು, ಬಿಟ್ಟುಹೋದ ಬ್ರಾಡ್‌ಬ್ಯಾಂಡ್‌ನದು. ಎರಡೂ ತುದಿ ಕಣ್ಣಿಗೆ ಕಂಡಮೇಲೆ ಮಾತ್ರ ಕತ್ತರಿಸಿ, ಪಕ್ಕದ ಮನೆಯ ಕೇಬಲ್ ನಮ್ಮ ಗೋಡೆಯಲ್ಲಿ ಹೋಗುತ್ತಿರಬಹುದು. ಉಳಿದವನ್ನು ಹೊರಗಡೆ ತೂತಿಗಿಂತ ಕೆಳಗೆ ಒಂದು ಜೋಲು ಬಿಟ್ಟು ಮೇಲಕ್ಕೆ ತಂದು ಒಳಗೆ ಬಿಡಿ. ಮಳೆ ನೀರು ಕೇಬಲ್ ಹಿಡಿದು ಓಡಿ ಬರುತ್ತದಲ್ಲ, ಅದು ಆ ಜೋಲಿನ ತಳದಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಇಷ್ಟು ಮಾಡಿದ್ದಕ್ಕೇ ಅತ್ತಿಗೆಯ ಮನೆಯ ಟಿವಿ ಹಿಂದಿನ ಒದ್ದೆ ನಿಂತುಹೋಯಿತು, ಸೀಲಂಟ್ ಆಮೇಲೆ ಹಾಕಿದ್ದು.

ಸ್ವಿಚ್‌ಬೋರ್ಡ್‌ನಿಂದ ಜಿರಲೆ ಬರುತ್ತಿದ್ದರೆ ಅದು ಗೋಡೆಯೊಳಗಿನ ಕಂಡ್ಯೂಟ್ ದಾರಿಯಲ್ಲಿ ಬರುತ್ತಿದೆ. ಎಲೆಕ್ಟ್ರಿಷಿಯನ್ ಬಂದಾಗ ಬೋರ್ಡ್ ಬಿಚ್ಚಿಸಿ ಕಂಡ್ಯೂಟ್ ಬಾಯಿಗೂ ಅದೇ ಪುಟ್ಟಿ ಹಾಕಿಸಿ.

ಮಾಳಿಗೆಯಿಂದ ಮಾಳಿಗೆಗೆ ಹೋಗುವ ಎಲೆಕ್ಟ್ರಿಕ್ ಡಕ್ಟ್‌ನ ವಿಷಯ ಬೇರೆ. ಅಲ್ಲಿ ಬೆಂಕಿ ಹತ್ತಿದರೆ ತೆರೆದ ಡಕ್ಟ್ ಹೊಗೆಗೊಳವೆಯಾಗುತ್ತದೆ, ನಿಮಿಷಗಳಲ್ಲಿ ಹೊಗೆ ಮೇಲಿನ ಮನೆಗಳಿಗೆ ನುಗ್ಗುತ್ತದೆ. ಅಲ್ಲಿಗೆ ಬೆಂಕಿ ತಡೆಯುವ ಸೀಲಂಟ್, ರಾಕ್‌ವುಲ್ ಅನ್ನುವ ಕಲ್ಲಿನ ನಾರು, ಹೀಗೆ ಬೇರೆಯೇ ಸಾಮಾನು ಇದೆ, ಸಾದಾ ಫೋಮ್ ಅಲ್ಲಿ ಉರುವಲು. ಅದು ಸೊಸೈಟಿಯ ಕೆಲಸ. ಮಹಾರಾಷ್ಟ್ರದ 2006ರ ಅಗ್ನಿ ಸುರಕ್ಷತಾ ಕಾಯ್ದೆಯ ಪ್ರಕಾರ ಸೊಸೈಟಿಗಳು ವರ್ಷಕ್ಕೆ ಎರಡು ಸಲ, ಜನವರಿ ಮತ್ತು ಜುಲೈಯಲ್ಲಿ, ಬೆಂಕಿ ತಡೆಯುವ ವ್ಯವಸ್ಥೆಯ ಸರ್ಟಿಫಿಕೇಟ್ ಕೊಡಬೇಕು. ಅದಕ್ಕೆ ಏಜೆನ್ಸಿಯವರು ಬಂದಾಗ ಡಕ್ಟ್ ಬಾಗಿಲು ತೆಗೆಸಿ ಈ ತೂತುಗಳನ್ನು ಕೈತೋರಿಸಿ ಕೇಳಿ, ಸೆಕ್ರೆಟರಿಯೂ ಜೊತೆಗಿರಲಿ.

ಎಲ್ಲ ಮುಗಿದ ಮೇಲೆ ಪೇಂಟ್ ಹೊಡೆಯುವ ಮೊದಲು ಪ್ರತಿ ತೂತಿನ ಫೋಟೋ ತೆಗೆದಿಟ್ಟುಕೊಳ್ಳಿ, ಒಳಗೆ ಯಾವ ಪೈಪ್ ಯಾವ ಕಡೆ ಹೋಗಿದೆ ಅಂತ ಕಾಣುವ ಹಾಗೆ. ಮುಂದೆ ಯಾರಾದರೂ ಅಲ್ಲಿ ಮೊಳೆ ಹೊಡೆಯುವಾಗ ಬೇಕಾಗುತ್ತದೆ. ಮೊದಲ ಜೋರು ಮಳೆ ಬಂದ ರಾತ್ರಿ ಒಂದು ಸಲ ಟಾರ್ಚ್ ಹಿಡಿದು ಎಲ್ಲ ಕಡೆ ಸುತ್ತಿ, ಗೋಡೆಗೆ ಅಂಗೈ ಒತ್ತಿ ನೋಡಿ. ತಣ್ಣಗೆ ಒದ್ದೆ ತಾಗಿದರೆ ಆ ಜಾಗಕ್ಕೆ ಮತ್ತೆ ಸೀಮೆಸುಣ್ಣದ ಗುರುತು ಹಾಕಿಬಿಡಿ. ಅದನ್ನು ಬಿಚ್ಚಿ ಮಾಡುವುದು ಗೋಡೆ ಒಣಗಿದ ಮೇಲೆ, ಅಕ್ಟೋಬರ್‌ನಲ್ಲಿ.